ನಂಜನಗೂಡು ಡಿಗ್ರಿ ಸೆಲ್ಸಿಯಸ್

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ. 2025ರಲ್ಲಿ ಅದು ಹಬ್ಬದವರೆಗೆ ಕಾಯಲೇ ಇಲ್ಲ. ಶಿವರಾತ್ರಿ ಇದ್ದದ್ದು ಫೆಬ್ರವರಿ 26ಕ್ಕೆ. 20ನೇ ತಾರೀಖಿಗೇ ನಮ್ಮ ಮೈಸೂರಿನ ಮನೆಯಲ್ಲಿ ಕಂಬಳಿಗಳು ಅಟ್ಟ ಸೇರಿದ್ದವು, ಫ್ಯಾನಿನ ರೆಕ್ಕೆಗಳ ಧೂಳು ಒರೆಸಿಯಾಗಿತ್ತು, ಅಮ್ಮ ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಮೊದಲ ಕಂತಿನ ಸಂಡಿಗೆ ಇಟ್ಟಾಗಿತ್ತು. ಪಂಚಾಂಗದ ಪ್ರಕಾರ ಅದು ಇನ್ನೂ ಶಿಶಿರ ಋತು. ವಸಂತ ಬರಬೇಕಾದದ್ದು ಯುಗಾದಿಗೆ, ಅಂದರೆ ಮಾರ್ಚ್ 30ಕ್ಕೆ. ಎದುರು ಮನೆಯ ಮಾವಿನ ಮರ ಪಂಚಾಂಗ ನೋಡುವುದಿಲ್ಲವಾದ್ದರಿಂದ ಹೂವೆಲ್ಲ ಉದುರಿಸಿ ಮಿಡಿ ಕಚ್ಚಿಕೊಂಡು ನಿಂತಿತ್ತು. ಬೆಳಗಿನ ಜಾವ ಕೋಗಿಲೆ ಕೂಗಿದರೆ ಕೇಳುವುದಕ್ಕೆ ಚೆನ್ನ. ಮಧ್ಯಾಹ್ನ ಎರಡು ಗಂಟೆಗೆ ಹೆಲ್ಮೆಟ್ ಒಳಗೆ ಬೆವರು ಇಳಿಯುವಾಗ ಅದೇ ಕೋಗಿಲೆ ಕೂಗಿದರೆ ಅದರ ಮೇಲೆ ಸಿಟ್ಟು ಬರುತ್ತದೆ. 1901ರಿಂದ ಲೆಕ್ಕ ಇಟ್ಟಿರುವ ಹವಾಮಾನ ಇಲಾಖೆ, ಒಟ್ಟು ದೇಶದ ಮಟ್ಟಿಗೆ ಅಲ್ಲಿಯವರೆಗಿನ ಅತಿ ಬಿಸಿಯ ಫೆಬ್ರವರಿ 2025ರದ್ದೇ ಎಂದು ಹೇಳಿತು. ಸಂಡಿಗೆ ಒಂದೇ ದಿನದಲ್ಲಿ ಒಣಗಿದ್ದನ್ನು ನೋಡಿ ಅಮ್ಮ ಅದನ್ನು ಮೊದಲೇ ಹೇಳಿದ್ದಳು.

ಈ ಬಿಸಿಯ ವಾರದಲ್ಲೇ ಮಗಳ ಶಾಲೆಯ ವಿಜ್ಞಾನ ಮಾದರಿ ಸ್ಪರ್ಧೆ ಬಂದು ಕುಳಿತಿತ್ತು. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ದಿನ. ಸ್ಪರ್ಧೆಯ ವಿಷಯ ತಿಳಿದದ್ದೇ ತಡ, ತರಗತಿಯ ಪೋಷಕರ ವಾಟ್ಸ್ಆ್ಯಪ್ ಗುಂಪು ಮದುವೆ ಮನೆಯಂತೆ ಗದ್ದಲ ಎಬ್ಬಿಸಿತು. ಯಾರ ಮನೆಯಲ್ಲಿ ಜ್ವಾಲಾಮುಖಿ, ಯಾರ ಮನೆಯಲ್ಲಿ ಸಿರಿಂಜಿನ ಜೆಸಿಬಿ, ಚಂದ್ರಯಾನ ಒಂದೇ ಇರಬೇಕೋ ಎರಡು ಇದ್ದರೂ ನಡೆಯುತ್ತದೆಯೋ ಎಂಬ ಚರ್ಚೆ ನಡುರಾತ್ರಿಯವರೆಗೆ ನಡೆಯಿತು. ಸಿದ್ಧ ಮಾದರಿ ಮಾಡಿಕೊಡುವ ಸ್ಟೇಷನರಿ ಅಂಗಡಿಯ ಮೊಬೈಲ್ ಸಂಖ್ಯೆಯನ್ನು ಒಬ್ಬ ತಾಯಿ ಹಾಕಿದರು. ಹತ್ತು ಜನ ಕೈಮುಗಿದ ಚಿತ್ರ ಹಾಕಿ ಧನ್ಯವಾದ ಹೇಳಿದರು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ತಪ್ಪು ಎನ್ನಲಾರೆ. ಅವಳಿಗೂ ನನಗೂ ಮಾರ್ಚ್ ತಿಂಗಳು ಹತ್ತಿರ ಬಂದರೆ ಕಚೇರಿಯಲ್ಲಿ ತಲೆ ಎತ್ತಲು ಆಗುವುದಿಲ್ಲ.

ಮಗಳಿಗೆ ಹನ್ನೊಂದು ವರ್ಷ, ಆರನೆಯ ತರಗತಿ. ಅವಳ ಪ್ರಯೋಗ ಹುಟ್ಟಿದ್ದು ಜಗಳದಿಂದ. ಫ್ರಿಜ್ಜಿನ ನೀರು ಕುಡಿದರೆ ಗಂಟಲು ಕಟ್ಟುತ್ತದೆ ಎಂದು ಅಜ್ಜಿ, ಮಡಕೆಯ ನೀರು ಫ್ರಿಜ್ಜಿನಷ್ಟು ತಣ್ಣಗಿರುವುದಿಲ್ಲ ಎಂದು ಮೊಮ್ಮಗಳು. ಎಷ್ಟು ತಣ್ಣಗಿರುತ್ತದೆ ಎಂದು ಅಳೆದೇ ಬಿಡುತ್ತೇನೆಂದು ಮನೆಯಲ್ಲಿದ್ದ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ತಂದು ಮಡಕೆಗೆ ಅದ್ದಿದಳು. ಅದು ಮೈಯ ಶಾಖಕ್ಕೆ ತಕ್ಕಂತೆ ಮಾಡಿದ್ದು, ತಣ್ಣೀರಿನ ಲೆಕ್ಕ ಅದಕ್ಕೆಲ್ಲಿ ಸಿಗಬೇಕು? ಪರದೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳು ಮೂಡಿದವು. ಅವಳು ಗಟ್ಟಿಯಾಗಿ ಓದಿದಳು: "ಲೋ." ಆಮೇಲೆ ಮುಖ ಊದಿಸಿಕೊಂಡು, "ನಾನು ಹುಡುಗಿ, ಲೇ ಎನ್ನಬೇಕು" ಎಂದು ಅದಕ್ಕೆ ಬುದ್ಧಿ ಹೇಳಿದಳು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದು ನೋಡಿ ನನಗೂ ಉತ್ಸಾಹ ಬಂತು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗೆ ಹೋಗಿ, ಕೆಂಪು ದ್ರವ ಏರಿಳಿಯುವ ಗಾಜಿನ ಕಡ್ಡಿಯೊಂದನ್ನು ತಂದೆವು. ಒಂದೊಂದು ಡಿಗ್ರಿಗೆ ಒಂದು ಗೆರೆ. ಎರಡು ಗೆರೆಗಳ ನಡುವೆ ನಿಂತರೆ ಅರ್ಧ ಎಂದು ಅಂದಾಜು ಮಾಡಬಹುದು.

ಮೂರು ಪಾತ್ರೆ: ಸ್ಟೀಲ್ ಬಿಂದಿಗೆ, ಕಳೆದ ವರ್ಷ ಹೆಂಡತಿ ತಂದಿದ್ದ ನಲ್ಲಿ ಜೋಡಿಸಿದ ಬಣ್ಣದ ಮಡಕೆ, ಮತ್ತು ಕುಂಬಾರರ ಹತ್ತಿರ ಹೊಸದಾಗಿ ತಂದ, ಮೈಮೇಲೆ ಏನನ್ನೂ ಬಳಿಯದ ಸಾದಾ ಮಡಕೆ. ಮೂರಕ್ಕೂ ಐದೈದು ಲೀಟರ್ ನೀರು. ದಿನಕ್ಕೆ ಮೂರು ಸಲ, ಬೆಳಗ್ಗೆ ಏಳಕ್ಕೆ, ಶಾಲೆ ಬಿಟ್ಟು ಬಂದ ಮೇಲೆ ಸಂಜೆ ಐದಕ್ಕೆ, ರಾತ್ರಿ ಒಂಬತ್ತಕ್ಕೆ ಅಳೆಯಬೇಕು. ಶುಕ್ರವಾರ 21ರಿಂದ ಗುರುವಾರ 27ರವರೆಗೆ ಏಳು ದಿನ. ಡ್ರಾಯಿಂಗ್ ಹಾಳೆಯಲ್ಲಿ ಸ್ಕೇಲು ಇಟ್ಟು ಚೌಕಗಳನ್ನು ಎಳೆದಳು. ಹೊಸ ಮಡಕೆಯನ್ನು ಗುರುವಾರ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ ಇಟ್ಟಿದ್ದು ಅಜ್ಜಿಯ ಕೆಲಸ. ಮರುದಿನ ಅಡುಗೆಮನೆಯಲ್ಲಿ ಮೊದಲ ಮಳೆ ಬಿದ್ದ ನೆಲದ ವಾಸನೆ ಇತ್ತು.

ಮೊದಲ ಸಂಜೆಯೇ ಮಜಾ ಬಂತು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಅಡುಗೆಮನೆಯ ಗಾಳಿಯೇ 31 ಡಿಗ್ರಿ. ಸ್ಟೀಲ್ ಬಿಂದಿಗೆಯ ನೀರು 29.5. ಸಾದಾ ಮಡಕೆಯದು 23. ಬಣ್ಣದ ಮಡಕೆಯದು 28! ನೋಡಲು ಮಡಕೆ, ಗುಣದಲ್ಲಿ ಬಿಂದಿಗೆ. ಹೆಂಡತಿಗೆ ಸ್ವಲ್ಪ ಅವಮಾನವೇ ಆಯಿತು, ಏಕೆಂದರೆ ಇಡೀ ಒಂದು ಬೇಸಿಗೆ ನಾವು ಅದರ ನೀರು ಕುಡಿದು "ಆಹಾ, ಮಡಕೆ ನೀರು" ಎಂದಿದ್ದೆವು. ಅಜ್ಜಿ ಎರಡೂ ಮಡಕೆಗಳ ಹೊಟ್ಟೆ ಸವರಿ ನೋಡಿ, "ಇದು ಬೆವರುತ್ತಿದೆ, ಅದು ಬೆವರುತ್ತಿಲ್ಲ" ಎಂದಳು. ಅಷ್ಟೇ ವಿಷಯ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಬೇಕು, ಅಲ್ಲಿ ಆವಿಯಾಗಬೇಕು, ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಬೇಕು. ಬಣ್ಣ ಬಳಿದರೆ ರಂಧ್ರ ಮುಚ್ಚಿತು, ಕಥೆ ಮುಗಿಯಿತು.

ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಇಟ್ಟುಕೊಂಡು ನಾವಿಬ್ಬರೂ ಲೆಕ್ಕ ಹಾಕಿದೆವು. ಒಂದು ಗ್ರಾಂ ನೀರು ಒಂದು ಡಿಗ್ರಿ ಇಳಿಯಲು ಒಂದು ಕ್ಯಾಲೊರಿ ಹೊರಗೆ ಹೋಗಬೇಕು, ಹಾಗಾಗಿ ಐದು ಲೀಟರ್ ನೀರು ಆರು ಡಿಗ್ರಿ ಇಳಿಯಬೇಕಾದರೆ 30,000 ಕ್ಯಾಲೊರಿ. ಅದಕ್ಕೆ ಐವತ್ತು ಗ್ರಾಂ ಚಿಲ್ಲರೆ ನೀರು ಆವಿಯಾದರೆ ಸಾಕು, ಕಾಲು ಲೋಟ! ಸುತ್ತಲಿನ ಬಿಸಿ ಮತ್ತೆ ಮತ್ತೆ ಒಳಗೆ ಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಆರುತ್ತದೆ ಅನ್ನಿ. ಆದರೂ ಆ ಕಾಲು ಲೋಟದ ಲೆಕ್ಕ ಬಂದಾಗ ಅವಳ ಮುಖದಲ್ಲಿ ಕಂಡ ಬೆರಗಿದೆಯಲ್ಲ, ಅದನ್ನು ನಾನು ಯಾವ ಪ್ರಶಸ್ತಿ ಪತ್ರದ ಫೋಟೋದಲ್ಲೂ ಕಂಡಿಲ್ಲ. ಕುಂದಾಪುರದಲ್ಲಿರುವ ಅತ್ತೆಗೆ, ಅಂದರೆ ನನ್ನ ತಂಗಿಗೆ, ಫೋನ್ ಮಾಡಿ, "ಅತ್ತೆ, ನಿಮ್ಮಲ್ಲಿ ಮಡಕೆ ನೀರು ಎಷ್ಟು ತಣ್ಣಗಿರುತ್ತದೆ?" ಎಂದು ವಿಚಾರಿಸಿದಳು. "ಎಲ್ಲಿ ತಣ್ಣಗೆ ಮಾರಾಯ್ತಿ, ನಾವೇ ಒಣಗುವುದಿಲ್ಲ, ಮಡಕೆ ಎಲ್ಲಿಂದ ಒಣಗಬೇಕು" ಎಂದು ತಂಗಿ ನಕ್ಕಳಂತೆ. ಗಾಳಿಯಲ್ಲೇ ತೇವ ತುಂಬಿರುವ ಕರಾವಳಿಯಲ್ಲಿ ಮಡಕೆಯ ವಿದ್ಯೆ ಅಷ್ಟಾಗಿ ನಡೆಯುವುದಿಲ್ಲ. ನಮ್ಮ ಒಣ ಹವೆಯ ಊರುಗಳಲ್ಲಿ ಅದು ರಾಜ. ಅತ್ತೆಯ ಮಾತನ್ನೂ ಹಾಳೆಯ ಕೆಳಗೆ ಬರೆದುಕೊಂಡಳು, "ಮಾರಾಯ್ತಿ" ಬಿಟ್ಟು.

ಬುಧವಾರ ಶಿವರಾತ್ರಿ. ಶಾಲೆಗೆ ರಜೆ. ನಂಜನಗೂಡಿಗೆ ಹೋಗದೆ ಅಮ್ಮನ ಶಿವರಾತ್ರಿ ಪೂರ್ತಿಯಾಗುವುದಿಲ್ಲ. ಮಧ್ಯಾಹ್ನ ಹೊರಟೆವು, ನಾಲ್ಕಕ್ಕೆಲ್ಲ ಮನೆಗೆ ಬಂದುಬಿಡಬಹುದು ಎಂಬ ಅಂದಾಜು ನನ್ನದು. ಶಿವರಾತ್ರಿಯ ದಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಇಂಥ ಅಂದಾಜು ಹಾಕಿದವನಿಗೆ ಏನು ಹೇಳಬೇಕೋ ನೀವೇ ಹೇಳಿ. ಸರತಿಯ ಸಾಲು ಹೆಬ್ಬಾವಿನಂತೆ ಮಲಗಿತ್ತು. ಬರಿಗಾಲಿನಲ್ಲಿ ಕಾದ ಕಲ್ಲಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಾ, ಯಾರೋ ಪುಣ್ಯಾತ್ಮರು ಹಂಚುತ್ತಿದ್ದ ಪಾನಕವನ್ನು ಎರಡೆರಡು ಲೋಟ ಕುಡಿಯುತ್ತಾ ನಿಂತಿದ್ದೆವು. ಅಮ್ಮ ಮೊಮ್ಮಗಳಿಗೆ ಕಥೆ ಹೇಳುತ್ತಿದ್ದಳು: ನಂಜನ್ನು ಉಂಡದ್ದರಿಂದ ನಂಜುಂಡ, ಆ ವಿಷದ ಉರಿ ತಡೆಯಲಾರದೆಯೇ ಅವನ ತಲೆಯ ಮೇಲೆ ಧಾರಾಪಾತ್ರೆ ಕಟ್ಟಿ ತೊಟ್ಟು ತೊಟ್ಟು ನೀರು ಬಿಡುವುದು. ಅವಳು ತಟ್ಟನೆ ಕೇಳಿದಳು, "ಅಜ್ಜಿ, ಶಿವನೂ ಹಾಗಾದರೆ ಆವಿಯಾಗಿಯೇ ತಣ್ಣಗಾಗುವುದಾ?" ಕೇಳಿದವಳೇ ನನ್ನ ಕೈಗಡಿಯಾರ ನೋಡಿದಳು. ಐದೂ ಕಾಲು.

ಅಳಲಿಲ್ಲ. ತುಟಿ ಮಾತ್ರ ಬಿಗಿಹಿಡಿದುಕೊಂಡಳು. ಮನೆಯಲ್ಲಿ ಯಾರೂ ಇಲ್ಲ, ಬೀಗದ ಕೈ ನನ್ನ ಜೇಬಿನಲ್ಲಿದೆ.

ರಾತ್ರಿ ಎಂಟಕ್ಕೆ ಮನೆ ತಲುಪಿದೆವು. ಒಂಬತ್ತರ ಲೆಕ್ಕ ಬರೆದುಕೊಂಡಳು. ಸಂಜೆ ಐದರ ಮೂರು ಚೌಕಗಳು ಖಾಲಿ. ನಾನು ಸಮಾಧಾನ ಮಾಡುವವನಂತೆ ಹೇಳಿದೆ, "ನಿನ್ನೆ ಮಡಕೆ ಎಷ್ಟಿತ್ತು? 23. ಇವತ್ತೂ ಅಷ್ಟೇ ಬಿಸಿಲು, 23 ಎಂದು ಬರೆದುಬಿಡು. ಬಿಂದಿಗೆಗೆ 29.5 ಹಾಕು, ಯಾರಿಗೆ ಗೊತ್ತಾಗುತ್ತದೆ?"

"ನಾವು ನೋಡಲಿಲ್ಲವಲ್ಲ ಅಪ್ಪ."

"ನೋಡಿದ್ದರೂ ಅಷ್ಟೇ ಇರುತ್ತಿತ್ತು ಪುಟ್ಟಿ."

"ಇರುತ್ತಿತ್ತೋ ಏನೋ. ನೋಡಲಿಲ್ಲವಲ್ಲ."

ಈ ವಾದ ಹದಿನೈದು ನಿಮಿಷ ನಡೆಯಿತು. ಖಾಲಿ ಚೌಕ ಇಟ್ಟುಕೊಂಡು ಹೋದರೆ ಅಂಕ ಕಡಿಯುತ್ತಾರೆ ಎಂದೆ. ಅಂದಾಜು ಎಂದರೆ ಸುಳ್ಳಲ್ಲ, ದೊಡ್ಡವರೂ ಮಾಡುತ್ತಾರೆ ಎಂದೆ. ಆಗ ಫಲಾಹಾರದ ತಟ್ಟೆಯಿಂದ ತಲೆ ಎತ್ತದೆಯೇ ಅಮ್ಮ ಒಂದು ಮಾತು ಹೇಳಿದಳು. "ಕರೆಂಟ್ ಮೀಟರ್ ನೋಡಲು ಬರುವ ಹುಡುಗ, ನಾವು ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದರೆ ಏನು ಬರೆಯುತ್ತಾನೆ? ಡೋರ್ ಲಾಕ್ ಎಂದು ತಾನೇ? ಮೀಟರಿನ ಅಂಕಿಯನ್ನು ಅವನೇ ಹುಟ್ಟಿಸಿಕೊಂಡು ಬರೆಯುತ್ತಾನೆಯೇ?"

ನನ್ನ ಮಾತು ಅಲ್ಲಿಗೆ ಕಟ್ಟಿತು. ಡೋರ್ ಲಾಕ್ ಎಂದು ಬರೆದು, ಹಿಂದಿನ ತಿಂಗಳುಗಳ ಸರಾಸರಿಯ ಬಿಲ್ಲು ಕೊಟ್ಟರೂ ಅದು ಸರಾಸರಿ ಎಂದು ಅವರು ಹೇಳಿಯೇ ಕೊಡುತ್ತಾರೆ. ಮಗಳು ಪೆನ್ಸಿಲ್ ಎತ್ತಿಕೊಂಡು, ಮೂರೂ ಚೌಕಗಳಿಗೆ ಅಡ್ಡಲಾಗಿ, ದುಂಡನೆಯ ಅಕ್ಷರಗಳಲ್ಲಿ ಬರೆದಳು: ನಂಜನಗೂಡು.

ಆ ರಾತ್ರಿ ಜಾಗರಣೆಯ ನೆಪದಲ್ಲಿ ಎಚ್ಚರವಿದ್ದಾಗ ನನ್ನ ಪಿಯುಸಿಯ ದಿನಗಳು ನೆನಪಾದವು. ಭೌತಶಾಸ್ತ್ರದ ಪ್ರಯೋಗಾಲಯ. ಸರಳ ಲೋಲಕ. ಒಂದು ಮೀಟರ್ ದಾರ, ತುದಿಗೆ ಗುಂಡು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ ಗುರುತ್ವ ವೇಗೋತ್ಕರ್ಷದ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ಹೆಚ್ಚುತ್ತದೆ ಎಂಬುದರ, ಬೆಲೆ ಕಂಡುಹಿಡಿಯಬೇಕು. ನಾವು ಮಾಡುತ್ತಿದ್ದದ್ದೇನು? ಮೊದಲು ಕೊನೆಯ ಸಾಲಿನಲ್ಲಿ ಉತ್ತರ ಬರೆದುಕೊಳ್ಳುವುದು: 981. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದು ಕಾಲದ ಚೌಕಗಳನ್ನು ತುಂಬುವುದು. ಅನುಮಾನ ಬಾರದಿರಲೆಂದು ಒಂದೆರಡು ಕಡೆ ದಶಾಂಶದಲ್ಲಿ ಸ್ವಲ್ಪ ಏರುಪೇರು ಮಾಡುವ ಜಾಣತನ ಬೇರೆ. ಅದನ್ನು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಗುರುಪರಂಪರೆಯಂತೆ ಕಲಿಸುತ್ತಿದ್ದರು. ನನ್ನ ಜೊತೆಗಾರನೊಬ್ಬ ನಿಜವಾಗಿಯೂ ಗುಂಡು ತೂಗಿಸಿ, ನಿಜವಾಗಿಯೂ ಎಣಿಸಿ, 977 ಎಂದು ತಂದ. ನಾವೆಲ್ಲ ಸೇರಿ ಅವನನ್ನು ಗೇಲಿ ಮಾಡಿ, ರಬ್ಬರಿನಲ್ಲಿ ಅಳಿಸಿ, 981 ಮಾಡಿಸಿದೆವು. ರೆಕಾರ್ಡ್ ಪುಸ್ತಕಕ್ಕೆ ಎಲ್ಲರಿಗೂ ಸಹಿ ಬಿತ್ತು.

ನಗು ಬರುವ ಸಂಗತಿ ಎಂದರೆ, ಆ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ, ಎತ್ತರಕ್ಕೆ ಹೋದಷ್ಟೂ ಅದು ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಿಂದ ಏಳುನೂರ ಐವತ್ತು ಮೀಟರಿಗೂ ಮೇಲಿರುವ ಮೈಸೂರಿನಲ್ಲಿ ಅದು 978ರ ಆಸುಪಾಸಿನಲ್ಲಿರುತ್ತದೆ. ಅಂದರೆ ನಾವು ನಲವತ್ತು ಹುಡುಗರು ಕಳ್ಳಲೆಕ್ಕ ಬರೆದು ತಪ್ಪು ಉತ್ತರ ತಂದಿದ್ದೆವು. ಸರಿಯಾದ ಉತ್ತರದ ಬಾಗಿಲವರೆಗೆ ಹೋಗಿದ್ದವನು ಅವನೊಬ್ಬನೇ. ಅವನನ್ನು ಎಳೆದು ತಂದು ನಮ್ಮ ಸಾಲಿನಲ್ಲಿ ಕೂರಿಸಿದೆವು.

ಈಗ ನನ್ನನ್ನೇ ನೋಡಿ. ನಾನೊಂದು ಸಹಕಾರಿ ಸಂಘದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ದಿನದ ಕೊನೆಗೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಜೇಬಿನಿಂದ ಹಾಕಿ ಸರಿಮಾಡಿದೆ ಎನ್ನುವಂತಿಲ್ಲ. ರಾತ್ರಿಯಾದರೂ ಕುಳಿತು ಒಂದೊಂದು ಚೀಟಿ ತಿರುವಿ ಹುಡುಕಬೇಕು, ಹುಡುಕುತ್ತೇನೆ. ಹಾಗೆ ಹುಡುಕುವ ಮನುಷ್ಯ ಮಗಳ ಕೈಯಲ್ಲಿ ಕಾಣದ ಡಿಗ್ರಿಯನ್ನು ಒಂದೇ ಉಸಿರಿನಲ್ಲಿ ಬರೆಸಲು ಹೊರಟಿದ್ದ. ಯಾಕೆ? ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. ಆ ಹಾಳೆಯ ಮೇಲಿನ ಅಂಕಿಗೆ ಏನಾದರೂ ಅರ್ಥವಿದೆ ಎಂದು ನನಗೆ ಅನ್ನಿಸಿರಲೇ ಇಲ್ಲ, ಅಷ್ಟೇ ಕಾರಣ. ಹಣದ ಅಂಕಿ ನಿಜ, ಶಾಲೆಯ ಅಂಕಿ ಅಲಂಕಾರ. ಥರ್ಮಾಕೋಲಿಗೆ ಮಿಂಚಿನ ಕಾಗದ ಅಂಟಿಸುವ ಹಾಗೆ, ಚೌಕಕ್ಕೆ ಒಂದು ಸಂಖ್ಯೆ ಅಂಟಿಸುವುದು. ಹೀಗೆ ನಂಬುವವನು ನಾನೊಬ್ಬನೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಅಂಗಡಿಯಿಂದ ಮಾದರಿ ತರುವ ಪೋಷಕರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಅವರು ಕೊಂಡದ್ದು ಥರ್ಮಾಕೋಲು. ನಾನು ದುಡ್ಡು ಕೊಡದೆ ಅದಕ್ಕಿಂತ ಕೆಟ್ಟದ್ದನ್ನು ಮನೆಯಲ್ಲೇ ತಯಾರಿಸುತ್ತಿದ್ದೆ.

ಸ್ಪರ್ಧೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಕ್ರವಾರ ಬೆಳಗ್ಗೆ ಆಟೋದಲ್ಲಿ ಮೂರು ಪಾತ್ರೆ ಸಾಗಿಸಿದ್ದು, ತಿರುವಿನಲ್ಲಿ ಸಾದಾ ಮಡಕೆಯ ನೀರು ನನ್ನ ಪ್ಯಾಂಟಿನ ಮೇಲೆ ಚೆಲ್ಲಿದ್ದು, ನಾನು ಒದ್ದೆಯಾದ ಪ್ಯಾಂಟಿನಲ್ಲಿ ಆವಿಯಾಗುವಿಕೆಯ ಜೀವಂತ ಮಾದರಿಯಾಗಿ ಶಾಲೆಯ ಅಂಗಳದಲ್ಲಿ ನಿಂತಿದ್ದು ಎಲ್ಲ ನಡೆಯಿತು. ಸಭಾಂಗಣದಲ್ಲಿ ಅಡುಗೆ ಸೋಡಾ, ವಿನೆಗರಿನ ವಾಸನೆ. ನಾಲ್ಕು ಜ್ವಾಲಾಮುಖಿಗಳು ಸರದಿಯಂತೆ ಉಕ್ಕುತ್ತಿದ್ದವು. ನಡುವೆ ನನ್ನೆದೆಯೆತ್ತರದ ಚಂದ್ರಯಾನ, ಕೆಳಗೆ ಬಣ್ಣದ ದೀಪಗಳು. ಅದರ ಪಕ್ಕ ನಿಂತಿದ್ದ ಹುಡುಗ ಅದನ್ನು ಮುಟ್ಟಲು ಹೆದರುತ್ತಿದ್ದ. ಭಾಷಣದಲ್ಲಿ ರಾಮನ್ ಅವರ ಹೆಸರು ಹಲವು ಸಲ ಬಂತು. 1921ರ ಹಡಗಿನ ಪಯಣದಲ್ಲಿ ಕಡಲಿನ ನೀಲಿಯನ್ನು ನೋಡಿ, ಅದು ಆಕಾಶದ ಪ್ರತಿಬಿಂಬ ಎಂಬ ಆಗಿನ ಉತ್ತರಕ್ಕೆ ಒಪ್ಪದೆ ತಾವೇ ಪರೀಕ್ಷಿಸಿ ನೋಡಿದರು ಎಂಬ ಮಾತೂ ಬಂತು. ಒಳ್ಳೆಯ ಭಾಷಣ.

ನಿರ್ಣಾಯಕರು ಇಬ್ಬರು. ಹಿರಿಯರು ಮಗಳ ಮೇಜಿನ ಮುಂದೆ ನಿಂತು ಕೇಳಿದರು, "ಇದು ವರ್ಕಿಂಗ್ ಮಾಡೆಲ್ಲೋ, ಸ್ಟಿಲ್ ಮಾಡೆಲ್ಲೋ?"

"ಕೆಲಸ ಮಾಡುತ್ತಿದೆ ಸರ್. ಸದ್ದು ಮಾಡುವುದಿಲ್ಲ."

ಇನ್ನೊಬ್ಬರು ಮೇಡಂ. ಎರಡೂ ಮಡಕೆಗಳ ಹೊಟ್ಟೆಯನ್ನು ಮುಟ್ಟಿ ನೋಡಿದರು, ನಮ್ಮ ಅಮ್ಮನ ಹಾಗೆಯೇ. ಬಣ್ಣದ ಮಡಕೆಯ 28ನ್ನು ಕಂಡು, "ಅಯ್ಯೋ, ನಮ್ಮ ಮನೆಯಲ್ಲಿರುವುದೂ ಇದೇ" ಎಂದರು. ಹಾಳೆಯನ್ನು ಓದುತ್ತಾ ಹೋದವರು ಬುಧವಾರಕ್ಕೆ ಬಂದು ನಿಂತರು. ಹಿರಿಯರನ್ನು ಕರೆದು ತೋರಿಸಿದರು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಏನೂ ಹೇಳದೆ, ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿ ಮುಂದೆ ನಡೆದರು. ಮೇಡಂ ಮಾತ್ರ ಹಿಂದೆ ಉಳಿದು, "ದರ್ಶನ ಚೆನ್ನಾಗಿ ಆಯಿತಾ?" ಎಂದು ಕೇಳಿದರು. "ಮೂರು ಗಂಟೆ ನಿಂತೆವು ಮೇಡಂ, ಒಳಗೆ ಹೋದ ಮೇಲೆ ಮೂರು ಸೆಕೆಂಡ್" ಎಂದು ಇವಳು ಅದಕ್ಕೂ ಲೆಕ್ಕ ಕೊಟ್ಟಳು.

ಬಹುಮಾನ ಬರಲಿಲ್ಲ. ಮೊದಲನೆಯದು ಚಂದ್ರಯಾನಕ್ಕೆ, ಎರಡನೆಯದು ಜೆಸಿಬಿಗೆ. ಜೆಸಿಬಿಯ ಹುಡುಗಿ ಸಿರಿಂಜುಗಳನ್ನು ತಾನೇ ಜೋಡಿಸಿದ್ದಳು, ಬಿಚ್ಚಿ ತೋರಿಸಿ ಮತ್ತೆ ಜೋಡಿಸಿದಳು, ಅವಳಿಗೆ ಮೊದಲನೆಯದೇ ಬರಬೇಕಿತ್ತು. ನಮ್ಮವಳು ಒಂದು ದಿನ ಮಂಕಾಗಿದ್ದಳು. ಇಲ್ಲ, ಅವಳು ಸೋಲನ್ನು ನಗುತ್ತಾ ಸ್ವೀಕರಿಸಿದಳು ಎಂದು ಬರೆದು ನಿಮ್ಮಿಂದ ಲೈಕು ಗಿಟ್ಟಿಸುವುದಿಲ್ಲ. ರಾತ್ರಿ ಊಟ ಬಿಟ್ಟು ಮಲಗಿದಳು. ಮಜ್ಜಿಗೆ ಅನ್ನ ಕಲಸಿ ತುತ್ತು ಮಾಡಿ ಅಜ್ಜಿಯೇ ತಿನ್ನಿಸಬೇಕಾಯಿತು.

ಬಣ್ಣದ ಮಡಕೆ ಈಗ ಮಹಡಿಯಲ್ಲಿದೆ, ಅದರಲ್ಲಿ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇವೆ. ಸಾದಾ ಮಡಕೆ ಅಡುಗೆಮನೆಯಲ್ಲಿ ಬೆವರುತ್ತಾ ಕುಳಿತಿದೆ. ಸೋಮವಾರ ಶಾಲೆಯಿಂದ ಹಾಳೆ ವಾಪಸು ಬಂತು. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಇವತ್ತು ಬೆಳಗ್ಗೆ ಹಾಲು ತೆಗೆಯುವಾಗ ಹತ್ತಿರದಿಂದ ನೋಡಿದೆ. ಬುಧವಾರದ ಚೌಕದಲ್ಲಿ, ನಂಜನಗೂಡು ಎಂದಿರುವಲ್ಲಿ ನಿರ್ಣಾಯಕರು ಹಾಕಿದ್ದ ಗುರುತು ಒಂದು ದೊಡ್ಡ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಅದರ ಕೆಳಗೆ ಮಗಳು ಯಾವಾಗಲೋ ಪೆನ್ಸಿಲಿನಲ್ಲಿ ಉತ್ತರ ಬರೆದಿದ್ದಾಳೆ: ಮೈಸೂರಿನಿಂದ 23 ಕಿ.ಮೀ.